ಕಾಶೆವ್ವನ ಉಸಿರಿನ ಕಳವು

“ನಮ್ಮತ್ತಿ ಉಸರು ಎಲ್ಲಿಗೆ ಹೋತು?”

ಯಾರನ್ನೂ ಕೇಳಿದ್ದಲ್ಲ. ಹುಕ್ಕೇರಿಯ ಆ ಮನೆಯ ಪಡಸಾಲೆಯಲ್ಲಿ ದಾಕ್ಷಾಯಿಣಿ ಒಬ್ಬಳೇ ಇದ್ದಳು. ಎದುರಿಗೆ ಟೇಪು, ಬಾಜೂಕ್ಕೆ ಟೇಪಿನ ಸಣ್ಣ ದನಿಯನ್ನು ಎತ್ತಿಕೊಡುವ ಪ್ರೀಆಂಪಿನ ಕಬ್ಬಿಣದ ಡಬ್ಬಿ, ಕೆಳಗೆ ದೊಡ್ಡ ಆಂಪ್ಲಿಫಾಯರು, ಎರಡು ಮೂಲೆಗೆ ಎರಡು ಸ್ಪೀಕರು. ಎಲ್ಲ ಇದ್ದಲ್ಲೇ ಇದ್ದವು. ತೀರಿಕೊಂಡು ಎರಡು ವರ್ಷವಾದ ಅತ್ತೆ ಕಾಶೆವ್ವನ ದನಿಯೂ ಇತ್ತು—ಶರಣರ ಕಥೆಯ ಪದ್ಯಗಳನ್ನು ಒಂದಾದ ಮೇಲೊಂದು ಹೇಳುತ್ತಿತ್ತು. ಆದರೆ ಸಾಲಿನ ನಡುವೆ ಆಕೆ ಎಳೆದುಕೊಳ್ಳುತ್ತಿದ್ದ ಸಣ್ಣ ಉಸಿರು? ಅದಿರಬೇಕಾದ ಕಡೆಯಲ್ಲೆಲ್ಲ ಬರೀ ಬುಸ್ಸೆನ್ನುವ ಸದ್ದು!

ಶ್ರಾವಣದ ಕಡೇ ಸೋಮವಾರ ಮಠದಲ್ಲಿ ಆ ಪದ್ಯಗಳನ್ನು ದಾಕ್ಷಾಯಿಣಿ ಹೇಳಬೇಕು. ಅತ್ತೆಯ ಜಾಗದಲ್ಲಿ, ಮೊದಲ ಸಲ. ಪದ್ಯಗಳು ಬಾಯಿಗೆ ಬಂದಿದ್ದವು. ಎಲ್ಲಿ ಉಸಿರು ತೆಗೆದುಕೊಂಡರೆ ಸಾಲು ಮುರಿಯುವುದಿಲ್ಲ—ಅದು ಬಂದಿರಲಿಲ್ಲ. ಕಲಿಸಲು ಈ ಟೇಪು ಬಿಟ್ಟರೆ ಬೇರೆ ಗುರುವಿಲ್ಲ. ಉಳಿದದ್ದು ಐದೇ ದಿನ.

“ಬ್ಲೂಟೂತ್ ತರ್ತೇನಿ ಅಂದ್ರ ಕೇಳೂದಿಲ್ಲ,” ಎಂದು ನಕ್ಕ ಗಂಡ ಸೋಮಶೇಖರ. “ಈಗ ಉಸರು ಕಳದೈತಿ ಅಂತ ಪೊಲೀಸರಿಗೆ ಹೇಳೂಣೇನು?”

ದಾಕ್ಷಾಯಿಣಿ ಫೋನು ಮಾಡಿದ್ದು ಪೊಲೀಸರಿಗಲ್ಲ, ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಆಮ್ರಪಾಲಿಗೆ. ದಡ್ಡಿ ಊರಿನ ಹೊಲದಿಂದ ಕಳುವಾದ ಪಂಪಿನ ಮೋಟರನ್ನು ಬರೀ ಸದ್ದಿನ ಮೇಲೆ ಗುರುತು ಹಿಡಿದವಳು ಆಕೆ. ಮರುದಿನ ಮೊದಲ ಬಸ್ಸಿಗೇ ಬಂದಳು.

“ಟೇಪ್ ನಿಂದ್ರಸ್ರಿ ಅಕ್ಕಾರ. ಸೌಂಡ್ ಏರಸ್ರಿ.”

ಟೇಪು ನಿಂತಿತು. ಬುಸ್ಸೆನ್ನುವುದು ನಿಲ್ಲಲಿಲ್ಲ.

“ಟೇಪಿಂದು ತಪ್ಪಿಲ್ಲ.” ಡಬ್ಬಿಯಿಂದ ಆಂಪ್ಲಿಫಾಯರಿಗೆ ಹೋಗುವ ವೈರು ಬಿಚ್ಚಿದಳು. ಸದ್ದೇ ಇಲ್ಲ. “ಆಂಪ್ಲಿಫಾಯರ್, ಸ್ಪೀಕರ್—ಇವೂ ಪಾರಾದವು. ಉಳಿದಿದ್ದು ಈ ಡಬ್ಬಿ. ಇದನ್ನ ಯಾರ್ಯಾರು ಮುಟ್ಯಾರ?”

“ಮೂಡಲಗಿ ಮುರಿಗೆಪ್ಪ ಕಾಕಾ. ಇದನ್ನ ಕೈಯಾರ ಮಾಡಿದವರ ಅವರು. ಧೂಳ ತಗದು ಕೊಡ್ತೇನಿ ಅಂತ ಹ್ವಾದ ಗುರುವಾರ ಒಯ್ದು ಶುಕ್ರವಾರ ಸಂಜಿಗೆ ತಂದಿಟ್ರು.”

“ಆಮ್ಯಾಲ?”

“ಶನಿವಾರ ಮಧ್ಯಾಹ್ನ ಗೋಕಾಕದ ಅಪ್ಪಣ್ಣ, ರೇಡಿಯೋ ಅಂಗಡಿಯವ. ಹೊಸಾ ವೈರ್ ಹಾಕಿ ಹ್ವಾದ. ಈ ಡಬ್ಬಿ ನನಗ ಕೊಡ್ರಿ ಅಂತ ಮೂರು ವರ್ಷದಿಂದ ಬೆನ್ನ ಹತ್ಯಾನ.”

“ಅವನ ಕಳ್ಳ!” ಎಂದ ಸೋಮಶೇಖರ. “ಅವ ಹ್ವಾದ ಮ್ಯಾಲೆ, ಶನಿವಾರ ಸಂಜಿಗೇ ಇದು ಕೆಟ್ಟಿದ್ದು.”

“ಶುಕ್ರವಾರ ಸಂಜಿಗೆ ಟೇಪ್ ಹಚ್ಚಿ ಕೇಳಿದ್ರೇನು?” ಎಂದು ಆಮ್ರಪಾಲಿ ಕೇಳಿದಳು.

“ಇಲ್ರಿ,” ಎಂದಳು ದಾಕ್ಷಾಯಿಣಿ.

ಅಪ್ಪಣ್ಣನಿಗೆ ಫೋನು ಹೋಯಿತು. “ಮೇಡಂ, ಆ ಡಬ್ಬಿಗೆ ಕೈ ಮುಗದು ವೈರ್ ಹಚ್ಚೀನಿ,” ಎಂದು ಆತ ಕೂಗಿದ. “ನಾ ಕದಿಯೂದಾದ್ರ ಪೂರಾ ಹೊತ್ತು ಒಯ್ತಿದ್ದೆ. ನಿಮಗ ಬುಸ್ ಅನ್ನೂದೂ ಉಳೀತಿರಲಿಲ್ಲ!”

ಊಟಕ್ಕೆ ಕೂತಾಗ ದಾಕ್ಷಾಯಿಣಿ ನಾಚಿಕೊಂಡಳು. “ಮಸರು ನೀರಾಗೈತಿ, ತಪ್ಪ ತಿಳೀಬ್ಯಾಡ್ರಿ. ಈ ಜಿಟಿಜಿಟಿ ಮಳ್ಯಾಗ ಹೆಪ್ಪ ಹಿಡಿವಲ್ದು.”

ಆಮ್ರಪಾಲಿಯ ಕೈ ತಟ್ಟೆಯಲ್ಲೇ ನಿಂತಿತು. “ಹಿಂದಿನ ಮಳ್ಯಾಗ ಹಿಡೀತಿತ್ತೇನು?”

“ಗಡ್ಡಿ ಗಡ್ಡಿ ಆಗ್ತಿತ್ರಿ.”

“ಮಸರಿನ ಗಡಗಿ ಎಲ್ಲಿಡ್ತೀರಿ?”

“ಆ ಡಬ್ಬಿ ಮ್ಯಾಲ. ಅತ್ತಿ ಕಾಲದಿಂದಾನೂ ಹಂಗ. ಅದನ್ನ ಎಂದೂ ಆರಸೂದಿಲ್ಲಲ್ರಿ, ಬೆಚ್ಚಗಿರ್ತಿತ್ತು.”

“ಎಂದಿನಿಂದ ಹಿಡದಿಲ್ಲ?”

“ಗುರುವಾರ ಡಬ್ಬಿ ಇರ್ಲಿಲ್ಲಂತ ಹೆಪ್ಪ ಹಾಕಿರ್ಲಿಲ್ರಿ. ಶುಕ್ರವಾರ ಮಲಗೂಮುಂದ ಇಟ್ಟಿದ್ದು, ಶನಿವಾರ ಎದ್ದು ನೋಡಿದ್ರ—” ಅವಳು ಡಬ್ಬಿಯ ಕಡೆ ತಿರುಗಿದಳು.

ಆಮ್ರಪಾಲಿ ಎದ್ದು ಹೋಗಿ ಡಬ್ಬಿಯ ಮೇಲೆ ಅಂಗೈ ಇಟ್ಟಳು. ಕೆಂಪು ದೀಪ ಉರಿಯುತ್ತಿತ್ತು. ಕಬ್ಬಿಣ ತಣ್ಣಗಿತ್ತು.

“ಕ್ಯಾಸೆಟ್ ತಗೋರಿ. ಮೂಡಲಗಿಗೆ ಹೋಗೂಣು.”

ಮುರಿಗೆಪ್ಪನ ಅಂಗಡಿಯಲ್ಲಿ ಡಬ್ಬಿಯ ಒಳಗಿನ ಯಂತ್ರ ಮರೆಯಲ್ಲೇನೂ ಇರಲಿಲ್ಲ. ಮೇಜಿನ ಮೇಲೆ ಬರಿಮೈಯಲ್ಲಿ ಕೂತಿತ್ತು. ಹಳೇ ರೇಡಿಯೋದಲ್ಲಿರುವಂಥ ಮೂರು ಗಾಜಿನ ವಾಲ್ವು, ಒಳಗೆ ಕೆಂಡದಂಥ ಬೆಳಕು. ಮುದುಕ ಬಲಗಿವಿಯನ್ನು ಸ್ಪೀಕರಿಗೆ ಆನಿಸಿ ಏನೋ ಬರೆದುಕೊಳ್ಳುತ್ತಿದ್ದ.

“ಶನಿವಾರ ಮಧ್ಯಾಹ್ನ ಬಂದ ಅಪ್ಪಣ್ಣ ಶನಿವಾರ ಮುಂಜಾನಿ ಮಸರು ಕೆಡಸೂದು ಹೆಂಗ, ಕಾಕಾ?” ಎಂದಳು ಆಮ್ರಪಾಲಿ. “ವಾಲ್ವ್ ಕಾಯ್ತಾವ. ಆ ಕಾವಿಗೆ ಹೆಪ್ಪ ಹಿಡೀತಿತ್ತು. ನೀವು ಒಳಗಿಂದು ತಗದು ಸಾದಾ ಬೋರ್ಡ್ ಕೂಡ್ರಿಸಿದ್ರಿ. ದೀಪ ಹತ್ತಿತು, ದನಿ ಬಂತು, ಬುಸ್ ಅನ್ನೂದೂ ಬಂತು—ಕಾವು ಬರಲಿಲ್ಲ. ಕಳ್ಳರು ನೀವ.”

“ಮಸರು!” ಮುರಿಗೆಪ್ಪ ಹಣೆ ಬಡಿದುಕೊಂಡು ನಕ್ಕ. “ಸ್ಕ್ರೂದ ಗೀರು ಸೈತ ನೋಡಿ ಕೂಡ್ರಿಸಿದ್ದೆ. ಮಸರಿಂದು ನನ್ನ ತಲ್ಯಾಗ ಬರಲಿಲ್ಲ ನೋಡವಾ!”

ದಾಕ್ಷಾಯಿಣಿಗೆ ನಗು ಬರಲಿಲ್ಲ. ಕ್ಯಾಸೆಟ್ ಮುಂದೆ ಹಿಡಿದಳು. ಆತ ಅದನ್ನು ಟೇಪಿಗೆ ಹಾಕಿ ಹಚ್ಚಿದ.

ಕಾಶೆವ್ವ ಪದ್ಯ ಎತ್ತಿದಳು. ಮೊದಲ ಸಾಲಿನ ನಾಲ್ಕು ಶಬ್ದ. ಐದನೆಯದಕ್ಕೆ ಮುಂಚೆ ತುಟಿ ಬಿಚ್ಚಿದ ಸಪ್ಪಳ, ಆಮೇಲೆ ಉಸಿರು—ಸೀರೆಯ ಸೆರಗು ಸರಿದಷ್ಟು ಮೆಲ್ಲಗೆ. ಅದರ ಸುತ್ತ ಯಾವ ಗದ್ದಲವೂ ಇಲ್ಲ. ಗರ್ಭಗುಡಿಯ ಒಳಗಿನಂಥ ಮೌನ. ಅತ್ತೆ ತನ್ನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ ಎನಿಸಿ ದಾಕ್ಷಾಯಿಣಿ ಸೆರಗು ಹೊದ್ದುಕೊಂಡಳು. ತನಗೇ ತಿಳಿಯದಂತೆ ಅದೇ ಜಾಗದಲ್ಲಿ ತಾನೂ ಉಸಿರು ಎಳೆದಳು.

“ಟೇಪಿನಿಂದ ಬರೂ ದನಿ ಈಗಷ್ಟ ಹುಟ್ಟಿದ ಕೂಸಿದ್ದಂಗ,” ಎಂದ ಮುರಿಗೆಪ್ಪ. “ಎತ್ತಿ ದೊಡ್ಡ ಮಶೀನಿನ ಕೈಯಾಗ ಕೊಡಬೇಕು. ಚಿವುಟಬಾರದು, ಜಾಸ್ತಿ ಮುದ್ದೂ ಮಾಡಬಾರದು. ಇದು ಏನೂ ಸೇರಿಸೂದಿಲ್ಲ. ಇಂಥಾದ್ದು ಇದೊಂದ ಆತು, ನನ್ನ ಕೈಲೆ ಇನ್ನೊಂದು ಆಗಲಿಲ್ಲ. ಬರದಿಟ್ಟ ನಕ್ಷಾ ಗೆದ್ದಲಿ ತಿಂದ್ವು.”

“ಕೇಳಿ ಒಯ್ಯಬಾರದೇನ್ರಿ, ಕಾಕಾ?” ದಾಕ್ಷಾಯಿಣಿಯ ದನಿ ಒಡೆದಿತ್ತು.

“ಎಡಗಿವಿ ಹೋಗೇತವಾ. ಬಲಗಿವಿಗೆ ಮಂಗಳವಾರ ಬೆಳಗಾವ್ಯಾಗ ಆಪರೇಷನ್. ಆಮ್ಯಾಲ ಕೇಳಿಸಿದ್ರ ಕೇಳಿಸ್ತು. ಅದರಕಿಂತ ಮದ್ಲ ಇನ್ನೊಂದು ಮಾಡಿ, ಎರಡೂ ಒಂದ ಅದಾವು ಅಂತ ನನ್ನ ಕಿವೀಲೆ ಕೇಳಬೇಕು. ಸೋಮವಾರದ ತನಕ ಇರ್ಲಿ.”

ಆಮ್ರಪಾಲಿ ಆ ಮೂರು ವಾಲ್ವುಗಳನ್ನೇ ನೋಡುತ್ತ ನಿಂತಿದ್ದಳು. ಪತ್ತೆ ಹಚ್ಚಿದ ಗೆಲುವು ಮುಖದಲ್ಲಿ ಉಳಿದಿರಲಿಲ್ಲ.

“ಅಕ್ಕಾರ,” ಎಂದಳು ಮೆಲ್ಲಗೆ, “ನಾನೂ ಕೈ ಮುಗದ ಕೇಳ್ಕೋತೇನಿ. ನಾಕ ದಿನ. ಬಿಟ್ಟ ಹೋಗೂಣೇನು?”

ದಾಕ್ಷಾಯಿಣಿ ಮುದುಕನ ಕಿವಿ ನೋಡಿದಳು. ಕ್ಯಾಸೆಟ್ ತೆಗೆದು ಸೆರಗಿನಲ್ಲಿ ಸುತ್ತಿದಳು. ಕೈ ಚಾಚಿ ಪ್ಲಗ್ಗು ಕಿತ್ತಳು.

“ಇಲ್ಲ. ಸೋಮವಾರದೊಳಗ ನಾ ಆ ಉಸರು ಕಲೀಬೇಕು. ಕೊಡಂಗಿಲ್ಲ.”