ಗೋಡೆಗಿವಿ

"ಹೊಗೆ ಇಲ್ಲ. ತೇವ ಇಲ್ಲ. ಗದ್ದಲ ಇಲ್ಲ. ನಲ್ಲಿಯಲ್ಲಿ ನೀರಿದೆ. ಮಾತು ಮೃದು, ನಿದ್ದೆ ಗಾಢ. ವಾಸಾಂಕ ತೊಂಬತ್ತನಾಲ್ಕು."

ಕಾಡಿನ ಜನರ ಕೇರಿಯಾದ ನೇರಳೆಕೊಲ್ಲಿ ಹಾಡಿಯ ಕೊನೆಯ ಮನೆಯ ಗೋಡೆ ತನ್ನ ವರದಿ ಒಪ್ಪಿಸಿ ಸುಮ್ಮನಾಯಿತು. ಅಂಗಳದಲ್ಲಿ ನಿಂತು ಕೇಳುತ್ತಿದ್ದ ವಿಜ್ಞಾನಿ ಶಾಲ್ಮಲಿ, ಮಗು ತಪ್ಪಿಲ್ಲದೆ ಪದ್ಯ ಹೇಳಿದಾಗ ತಾಯಿ ಹಿಗ್ಗುವ ಹಾಗೆ ಹಿಗ್ಗಿದಳು. ಆ ಗೋಡೆಗೆ ಮಾತು ಕಲಿಸಿದವಳು ಅವಳೇ.

ಗೋಡೆಗಿವಿ ಎಂದರೆ ಒಂದು ಬಗೆಯ ಗಾರೆ. ಸಾಸಿವೆಗಿಂತ ಸಣ್ಣ ಸಂವೇದಕ ಕಣಗಳನ್ನು ಸುಣ್ಣದಲ್ಲಿ ಕಲಸಿ ಬಳಿದರೆ ಸಾಕು; ಮನೆಯ ಶಾಖ, ತೇವ, ಹೊಗೆ, ಒಳಗಿನವರ ದನಿಯ ಏರಿಳಿತ ಎಲ್ಲವನ್ನೂ ಅವು ಗುರುತಿಸಿ, ಬಾಳಲು ಆ ಮನೆ ಎಷ್ಟು ಯೋಗ್ಯವೆಂದು ಅಂಕ ಕೊಡುತ್ತಿದ್ದವು. ಹಿಂದೆಲ್ಲ ಕಾಡಿನ ಜನರ ಮನೆಗಳನ್ನು ಅಳೆಯಲು ಜೀಪು ಬರುತ್ತಿತ್ತು. ಬಂದವರು ಸೂರು, ಶೌಚಾಲಯ ಎಣಿಸಿ ಹೋಗುತ್ತಿದ್ದರು. ಕೆಲವರು ಜೀಪಿನಿಂದ ಇಳಿಯುತ್ತಲೂ ಇರಲಿಲ್ಲ. ಇನ್ನು ಸುಳ್ಳು ನಡೆಯದು, ಮನೆಯೇ ಸಾಕ್ಷಿ ಹೇಳುತ್ತದೆ ಎಂದು ಶಾಲ್ಮಲಿ ನಂಬಿದ್ದಳು. ಗೋಡೆಗೂ ಕಿವಿಯಿದೆ ಎಂದು ಜನ ಹೆದರಿಸಲು ಹೇಳುತ್ತಿದ್ದ ಮಾತನ್ನು ಅವಳು ಉಪಕಾರಕ್ಕೆ ಹಚ್ಚಿದ್ದಳು.

ಅಂಕ ಎಂಬತ್ತು ದಾಟಿದರೆ ಹಾಡಿಗೆ ಎಲ್ಲ ಸೌಕರ್ಯವೂ ಸಿಕ್ಕಂತೆ. ಆಮೇಲೆ ಸರ್ಕಾರ ಕಟ್ಟಿಸಿಕೊಟ್ಟ ಕಾಂಕ್ರೀಟು ಮನೆಗಳ ಹಿಂದಿನ ಬಿದಿರು ಗುಡಿಸಲುಗಳನ್ನು ಯಂತ್ರ ಬಂದು ಕಿತ್ತುಹಾಕುತ್ತದೆ. ಅದಕ್ಕೆ ಒಪ್ಪಿಗೆಯ ಹೆಬ್ಬೆಟ್ಟು ಒತ್ತಲು ಶಾಲ್ಮಲಿ ಬಂದಿದ್ದಳು.

ಕೊನೆಯ ಮನೆಯ ಬೊಳ್ಳಿ ತನ್ನ ಗುಡಿಸಲಿನ ಬಾಗಿಲಲ್ಲಿ ಕೂತಿದ್ದಳು. ಒಳಗೆ ಅವಳ ಮಗಳು ಜಾಜಿ, ಹಸಿ ಬಾಣಂತಿ, ಕೂಸನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದಳು.

"ಇದ್ನ ಕೀಳ್ತಾರಂತೆ, ದಿಟವೇನವ್ವಾ?" ಎಂದು ಬೊಳ್ಳಿ ಕೇಳಿದಳು. "ಕೂಸ್ನ ಎಲ್ಲಿ ಮನಗಿಸ್ಲಿ ನಾನು?"

"ಅಷ್ಟು ಒಳ್ಳೆ ಮನೆ ಇದೆಯಲ್ಲ ಬೊಳ್ಳವ್ವ. ಗೋಡೆಯೇ ಹೇಳ್ತಿದೆ, ಕೇಳಿಸ್ಕೊಂಡ್ರಲ್ಲ?"

ಬೊಳ್ಳಿ ನಕ್ಕಳು. "ಹೇಳ್ದೆ ಇರ್ತದಾ? ನಾವೇನು ಕಮ್ಮಿ ನೋಡ್ಕಂಡಿದ್ದೀವಾ! ಗೋಡೆ ಕ್ಯೋಳ್ತದೆ ಅಂತ ನಿಮ್ಮ ಗಾರೆಯವ್ರೇ ಹೇಳುದ್ರು. ಅಂದ್ಮೇಲೆ ಅದ್ರೊಳಗೆ ನೆಂಟ ಕುಂತವ್ನೆ ಅಂತಾಯ್ತು. ನೆಂಟನ ಮುಂದೆ ಜಗಳ ಆಡಕಾಯ್ತದಾ? ಹೊಗೆ ಹಾಕಕಾಯ್ತದಾ? ಒಬ್ನೇ ಬೇಜಾರ್ ಮಾಡ್ಕಬಾರ್ದು ಅಂತ ಸಂಜೆ ಹೋಗಿ ಕುಂತು, ನಾಕು ಒಳ್ಳೆ ಮಾತಾಡಿ ಬತ್ತೀವಿ. ನಮ್ಮ ಅಳಿಯ ಮಾರಂಗೆ ಕೆಮ್ಮು ಬಂದಾಗ ಅವ್ನ ಒಳೀಕೇ ಬುಡ್ನಿಲ್ಲ."

"ರಾತ್ರಿ?"

"ರಾತ್ರಿ ಇಲ್ಲೇಯ."

ಶಾಲ್ಮಲಿ ಥಟ್ಟನೆ ಗೋಡೆಯ ಕಡೆ ತಿರುಗಿದಳು. ಗಾಢನಿದ್ದೆಯಲ್ಲಿ ಉಸಿರು ತೀರಾ ಸಣ್ಣದಾಗುತ್ತದೆ. ಯಾರೂ ಇಲ್ಲದ ಮನೆಯ ನಿಶ್ಶಬ್ದವನ್ನೂ ಅವಳ ಲೆಕ್ಕಸೂತ್ರ ಹಾಗೆಯೇ ಓದಿಬಿಟ್ಟಿತ್ತು. ಖಾಲಿ ಮನೆಗೆ ನಿದ್ದೆಯಲ್ಲಿ ಪೂರ್ತಿ ಅಂಕ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಲ್ಲಿ ಯಾಕೆ ಮಲಗಲ್ಲ?"

"ಕಿವುಡು ಮನೆ ಕಣವ್ವ ಅದು. ಆನೆ ಬಂದ್ರೆ ಗೊತ್ತಾಗಕಿಲ್ಲ. ಇಲ್ಲಾದ್ರೆ ಬಿದ್ರು ಸಂದೀಲಿ ಎಲ್ಲಾ ಕ್ಯೋಳ್ತದೆ. ಕಡ್ಡಿ ಮುರುದ್ರೆ ಬತ್ತಾವ್ನೋ ಹೋಯ್ತಾವ್ನೋ ತಿಳೀತದೆ. ಹೋಯ್ತಾವ್ನೆ ಅಂದ್ರೆ ಮಗ್ಗುಲು ಬದಲಾಯ್ಸಿ ಮನಿಕತೀವಿ. ಏನೂ ಕ್ಯೋಳ್ದೆ ಇದ್ರೆ ನಿದ್ದೆ ಹೆಂಗ್ ಬತ್ತದೆ? ಬಾ, ನೀನೇ ಒಂದ್ ಗಳಿಗೆ ಮನಿಕ."

ಬೇಡವೆನ್ನಲಾಗದೆ ಶಾಲ್ಮಲಿ ಒಳಗೆ ಹೋಗಿ ಚಾಪೆಯ ಮೇಲೆ ಒರಗಿದಳು. ಬಿದಿರಿನ ಸಂದಿಗಳಿಂದ ಮಧ್ಯಾಹ್ನದ ಬಿಸಿಲು ಗೆರೆಗೆರೆಯಾಗಿ ಕೂಸಿನ ಮೇಲೆ ಬಿದ್ದಿತ್ತು. ಮೊದಲು ತೊರೆಯ ಸದ್ದು ಕೇಳಿಸಿತು. ಅದರ ಹಿಂದೆ ತರಗೆಲೆ, ತರಗೆಲೆಯ ಹಿಂದೆ ಎಲ್ಲೋ ಮರಕುಟಿಗ, ಅದರಾಚೆ ಹೆಸರಿಲ್ಲದ ಇನ್ನೇನೋ. ಕಾಡು ಒಂದೊಂದಾಗಿ ಮಡಿಕೆ ಬಿಚ್ಚುತ್ತ ಹತ್ತಿರ ಬಂದು ಕೂತಿತು. ಕೂಸಿನ ಉಸಿರಿಗೆ ತನ್ನ ಉಸಿರು ಯಾವಾಗ ಕೂಡಿಕೊಂಡಿತೋ ಅವಳಿಗೆ ತಿಳಿಯಲಿಲ್ಲ. ಕನಸಿನಲ್ಲಿ ಅವಳು ಬಳಿದ ಗೋಡೆಗಳೆಲ್ಲ ಎಲೆಯಷ್ಟು ತೆಳ್ಳಗಾಗಿ, ಗಾಳಿಗೆ ಅಲುಗುತ್ತ, ಹಗುರವಾಗಿ ತೊರೆಯ ಮೇಲೆ ತೇಲಿಹೋದವು. ಅವಳಿಗೆ ದುಃಖವಾಗಲಿಲ್ಲ, ಬಹಳ ಸುಖವಾಯಿತು.

ಎಚ್ಚರವಾದಾಗ ಜಾಜಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ಚೆಂದಾಗಿ ಗೊರ್ಕೆ ಹೊಡುದ್ರಿ ಅಕ್ಕಾ. ತೊರೆ ಆಚೆ ಒಂಟಿ ಆನೆ ಹಾದೋಯ್ತು. ಹೋಯ್ತಿತ್ತಲ್ಲ, ಅದ್ಕೇ ಎಬ್ಬಿಸ್ನಿಲ್ಲ."

ಅಷ್ಟರಲ್ಲಿ ಫೋನು ಕೂಗಿತು. ಮೇಲಧಿಕಾರಿ. "ಏನಮ್ಮಾ, ಇನ್ನೂ ಒಪ್ಪಿಗೆ ಬಂದಿಲ್ಲ? ತೊಂಬತ್ತನಾಲ್ಕು ಇದೆಯಲ್ಲ!"

"ಅದು ಮನೆಯ ಅಂಕ ಅಲ್ಲ ಸರ್. ಗೋಡೆಗೆ ಇವರು ಕೊಟ್ಟ ಮರ್ಯಾದೆಯ ಅಂಕ."

"ಅಂದ್ರೆ ನಿಮ್ಮ ಗೋಡೆಗಿವಿ ತಪ್ಪು ಹೇಳ್ತಿದೆಯಾ? ಹಾಗಂತ ನೀವೇ ಬರೆದು ಕೊಟ್ರೆ ಎಲ್ಲ ಹಾಡಿಗಳ ವರದೀನೂ ಬಿದ್ದುಹೋಗುತ್ತೆ. ನಿಮ್ಮ ಹೆಸರೂ ಅದರ ಜೊತೆಗೇ."

ಶಾಲ್ಮಲಿಯ ಅರ್ಧ ಆಯುಷ್ಯದ ದುಡಿಮೆ. ಪಕ್ಕದಲ್ಲಿ ಕೂಸು ನಿದ್ದೆಯಲ್ಲೇ ತುಟಿ ಚಪ್ಪರಿಸಿತು.

"ತಪ್ಪು ಹೇಳ್ತಿದೆ ಸರ್. ಬರೆದು ಕೊಡ್ತೀನಿ. ಗುಡಿಸಲು ಕೀಳೋ ಹಾಗಿಲ್ಲ."

ಅವಳು ಫೋನು ಇಟ್ಟಳು. ಬೊಳ್ಳಿ ಒಂದು ಲೋಟ ನೀರು ತಂದುಕೊಟ್ಟು ಎದುರಿಗೆ ಕೂತಳು.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಇಷ್ಟು ವರ್ಷ ಗೋಡೇನ ಕೇಳ್ದೆ. ನಮ್ಮುನ್ನ ಕೇಳ್ಬಾರ್ದಾಗಿತ್ತಾ?"

ಶಾಲ್ಮಲಿ ನೀರು ಕುಡಿಯುವುದನ್ನು ಮರೆತಳು. ರಾತ್ರಿ ಎಲ್ಲಿ ಮಲಗುತ್ತೀರಿ, ನಿದ್ದೆ ಬರುತ್ತದೆಯೇ, ಇಲ್ಲವಾದರೆ ಯಾಕೆ? ಇಷ್ಟು ಕೇಳಲು ಯಾವ ಕಣವೂ ಗಾರೆಯೂ ಬೇಕಿರಲಿಲ್ಲ. ಅವಳು ಹುಟ್ಟುವ ಎಷ್ಟೋ ಮೊದಲು, ಆ ಜೀಪಿನಿಂದ ಇಳಿದವರು ಯಾರು ಬೇಕಾದರೂ ಕೇಳಬಹುದಿತ್ತು.