ಅಂಟುವಾಳದ ನೊರೆ

ಇಲ್ಲಿ ಸೋಪಿನ ಹುಡಿ ಬಿದ್ದೇ ಇಲ್ಲ... ಮತ್ತೆ ಈ ಮೀನುಗಳು ಯಾಕೆ ಹೊಟ್ಟೆ ಮೇಲಾಗುತ್ತಿವೆ?

ಕುಶಲಾ ಒಗೆಯುವ ಕಲ್ಲಿನ ಬಳಿ ಹಾಗೆಯೇ ಕುಳಿತಳು. ಇಳಿತದಲ್ಲಿ ಕಲ್ಲಿನ ಬುಡದಲ್ಲಿ ಉಳಿದಿದ್ದ ಚೂರು ನೀರಿಗೆ ಅವಳು ಚೆಲ್ಲಿದ್ದು ಅಂಟುವಾಳ ನೆನೆಸಿದ ನೀರು ಮಾತ್ರ. ಅಜ್ಜಿಯ ಕಾಲದಿಂದ ಮನೆಯ ಬಟ್ಟೆಯನ್ನೆಲ್ಲ ಒಗೆದ ಕಾಯಿ ಅದು. ಕಡ್ಡಿಯಷ್ಟು ಸಣ್ಣ ಮೀನುಗಳು ಒಮ್ಮೆ ಸುತ್ತಿ, ಬಾಯಿ ತೆರೆದು, ಸುಮ್ಮನಾದವು.

'ಹಾಗಾದರೆ ಅವನು... ಭೋಜ...'

ಮಳೆಗಾಲವಿಡೀ ಆ ಹೆಸರನ್ನು ಅವಳು ಮನಸ್ಸಿನೊಳಗೂ ಆಡಿರಲಿಲ್ಲ.

ಎಪ್ಪತ್ತಮೂರರ ಆ ಬೇಸಗೆಯಲ್ಲಿ ಹಂಚು ಹೇರುವ ಮಂಜಿಯೊಂದು ಉದ್ಯಾವರ ಹೊಳೆಯಲ್ಲಿ ಲಂಗರು ಹಾಕಿತ್ತು. ಅದರಲ್ಲಿ ಖಲಾಸಿಯಾಗಿದ್ದ ಭೋಜನಿಗೆ ಆ ಹಾಯಿಹಡಗೇ ಮನೆ. ಉಣ್ಣುವುದು, ಮಲಗುವುದು, ಒಗೆಯುವುದು ಎಲ್ಲ ಅದರಲ್ಲೇ. ಕುಶಲಾ ಸಾರಿಗೆಂದು ಮರುವಾಯಿ ಚಿಪ್ಪು ಹೆಕ್ಕುತ್ತಿದ್ದಾಗ ನೊರೆ ತೇಲಿ ಬಂದು ಅವಳ ಮೊಣಕಾಲಿಗೆ ಅಂಟಿತು.

"ಎಂತ ಹಾಕುವುದು ನೀವು ನೀರಿಗೆ? ಮರುವಾಯಿಯೆಲ್ಲ ಸೋಪು ನಾರ್ತದೆ."

"ಮತ್ತೆಂತ ಮಾಡುವುದು? ಉಪ್ಪುನೀರಲ್ಲಿ ಬಾರ್ ಸೋಪಿಗೆ ನೊರೆಯೇ ಬರುವುದಿಲ್ಲ. ಹುಡಿಗೆ ಬರ್ತದೆ."

"ಅಂಟುವಾಳಕ್ಕೂ ಬರ್ತದೆ."

"ಹಡಗು ನಡೆಸುವ ನಮ್ಮ ತಂಡೇಲರ ಅಂಗಿಯ ವಾಸನೆ ಗೊತ್ತುಂಟಾ ನಿಮಗೆ? ಅಂಟುವಾಳವೇ ಓಡಿಹೋದೀತು."

ನಗಬಾರದೆಂದುಕೊಂಡೇ ಅವಳು ನಕ್ಕಳು. ಮರುದಿನ ಒಂದು ಚೀಲ ಅಂಟುವಾಳ ಕೊಟ್ಟಳು. ಕಾಯಿ ಒಡೆದು, ಬೀಜ ತೆಗೆದು, ಸಿಪ್ಪೆ ನೆನೆಸುವುದನ್ನು ತೋರಿಸಿದಳು.

"ಇಳಿತದ ಹೊತ್ತಿಗೆ ಹಡಗಿನಿಂದ ಚೆಲ್ಲಬೇಡಿ. ಬಟ್ಟೆ ನಮ್ಮ ಕಡವಿಗೆ, ಒಗೆಯುವ ಕಲ್ಲಿನ ಹತ್ರ ತನ್ನಿ. ಅಲ್ಲಿ ಮರುವಾಯಿ ಇಲ್ಲ."

ಮರುವಾಯಿ ಇರಲಿಲ್ಲ, ನಿಜ. ಆದರೆ ಕಡವಿನ ಪಕ್ಕದಲ್ಲೇ ಬಿದಿರ ತಡಿಕೆ ಕಟ್ಟಿದ ಗುಂಡಿ ಇತ್ತು. ಅವಳ ಅಪ್ಪ ಕೂಸಪ್ಪ ಹಿಡಿದ ಮೀನನ್ನು ಸಂತೆಯವರೆಗೆ ಜೀವಂತ ಕೂಡಿಡುತ್ತಿದ್ದುದು ಅದರಲ್ಲಿ.

ಭೋಜ ಬಟ್ಟೆ ತರುತ್ತಿದ್ದ. ಅವಳು ಅಲ್ಲಿರುವ ಹೊತ್ತಿಗೇ ತರುತ್ತಿದ್ದ...

ಒಂದು ಮಧ್ಯಾಹ್ನ ಅಪ್ಪನ ಕೂಗು ಕೇಳಿ ಅವಳು ಓಡಿ ಬಂದಳು. ಇಳಿತಕ್ಕೆ ನೀರು ತಗ್ಗಿದ್ದ ಗುಂಡಿಯಲ್ಲಿ ಮೀನೆಲ್ಲ ಬೆಳ್ಳಗೆ ತೇಲುತ್ತಿತ್ತು. ತಡಿಕೆಗೆ ನೊರೆ ಮೆತ್ತಿಕೊಂಡಿತ್ತು. ಬಾಲ್ದಿ ಹಿಡಿದು ಭೋಜ ನಿಂತಿದ್ದ.

"ಯಾರು ಇವನನ್ನು ಇಲ್ಲಿಗೆ ಕರೆದದ್ದು?" ಕೂಸಪ್ಪನ ಕೈಯಲ್ಲಿ ದೋಣಿಯ ಹುಟ್ಟು ಇತ್ತು.

"ಪುನಃ ಹುಡಿ ಹಾಕಿದ್ರಾ?" ಕುಶಲಾಳ ದನಿ ಒಡೆಯಿತು.

ಭೋಜ ಬಾಲ್ದಿಯನ್ನು ನೋಡಿದ. ಎತ್ತಿದ ಹುಟ್ಟನ್ನು ನೋಡಿದ. ಕೊನೆಗೆ ಅವಳನ್ನು ನೋಡಿದ.

"ಹೌದು. ತಪ್ಪಾಯ್ತು."

"ಇನ್ನು ನನಗೆ ಮುಖ ತೋರಿಸಬೇಡಿ."

ಬೆಳಗಾಗುವಷ್ಟರಲ್ಲಿ ಮಂಜಿ ಇರಲಿಲ್ಲ.

ಆಮೇಲೆ ಪ್ರತಿ ಇಳಿತಕ್ಕೂ ಆ ಖಾಲಿ ಗುಂಡಿಯಲ್ಲಿ ಅವಳಿಗೆ ಬಿಳಿ ಹೊಟ್ಟೆಗಳು ಕಾಣುತ್ತಿದ್ದವು. ಬಟ್ಟೆ ಹಿಂಡುವಾಗ ಬೆನ್ನ ಹಿಂದೆ ಯಾರೋ ನಿಂತು ಉಸಿರಾಡಿದಂತಾಗುತ್ತಿತ್ತು. ತಿರುಗಿದರೆ ಹೊಳೆ ಮಾತ್ರ.

ಇಂದು, ಸತ್ತ ಸಣ್ಣ ಮೀನುಗಳನ್ನು ಅಂಗೈಯಲ್ಲಿ ಹಿಡಿದು, ಅವಳು ಅಪ್ಪನ ಎದುರು ಹೋಗಿ ನಿಂತಳು.

"ಅಪ್ಪಾ, ಅವತ್ತು ಮೀನು ಸತ್ತದ್ದು ನನ್ನ ಅಂಟುವಾಳದಿಂದ. ಅವರನ್ನು ಕಡವಿಗೆ ಕರೆದದ್ದೂ ನಾನೇ."

ಕೂಸಪ್ಪ ಬಲೆ ಹೆಣೆಯುವುದನ್ನು ನಿಲ್ಲಿಸಿದ. ಅವಳ ಅಂಗೈಯಿಂದ ಒಂದು ಮೀನನ್ನು ಎತ್ತಿ ನೋಡಿದ.

"ಮಳೆ ಮುಗಿದು ಮಂಜಿಗಳು ಪುನಃ ಮಲ್ಪೆಗೆ ಬಂದಿವೆಯಂತೆ," ಎಂದ ಕೊನೆಗೆ. "ಹೋಗುವುದಾದರೆ ಈಗಿನ ಬಸ್ಸಿಗೇ ಹೋಗು."

ಮಲ್ಪೆ ಬಂದರಿನ ಧಕ್ಕೆಯಲ್ಲಿ ಭೋಜ ಹಗ್ಗ ಸುತ್ತುತ್ತಿದ್ದ. ಬಡವಾಗಿದ್ದ. ಅವಳನ್ನು ಕಂಡು ಕೈ ನಿಂತಿತು.

"ಮುಖ ತೋರಿಸಬೇಡಿ ಅಂದಿದ್ರಿ. ಈಗ ಆಚೆ ತಿರುಗಿ ನಿಲ್ಲಬೇಕಾ?"

ಅವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದಳು.

"ಕೊಂದದ್ದು ನಾನು... ಬೈಸಿಕೊಂಡದ್ದು ನೀವು. ನಿಮಗೆ ಅವತ್ತೇ ಗೊತ್ತಿತ್ತಾ?"

"ಇಲ್ಲ ಮಾರಾಯ್ತಿ. ಬಾಲ್ದಿಯಲ್ಲಿ ಹಳೇ ಹುಡಿ ಉಳಿದಿತ್ತು ಅಂತಲೇ ಎಣಿಸಿದ್ದು."

"ನಿಜವಾಗಿ?"

"ನಿಜವಾಗಿ. ಇನ್ನು ಒಗೆದ ನೀರನ್ನು ತೆಂಗಿನ ಬುಡಕ್ಕೆ ಹಾಕುವಾ, ಆಗದಾ?"

"ಹಡಗಿನಲ್ಲಿ ತೆಂಗಿನ ಮರ ಎಲ್ಲಿ ಉಂಟು?"

"ನಿಮ್ಮ ಅಂಗಳದಲ್ಲಿ ಉಂಟಲ್ಲ. ನಿಮ್ಮ ಅಪ್ಪ ಒಪ್ಪಿದರೆ..."

"ಬಸ್ಸಿಗೆ ಕಳಿಸಿದ್ದೇ ಅಪ್ಪ," ಎಂದು ಅವಳು ಕಣ್ಣೊರೆಸಿಕೊಂಡು ಹಗ್ಗದ ಇನ್ನೊಂದು ತುದಿ ಹಿಡಿದಳು.

ಅವಳು ಅಂಟುವಾಳ ಕೊಟ್ಟ ದಿನವೇ ಅವನು ಹುಡಿಯನ್ನು ಬಿಟ್ಟಿದ್ದ. ಬಾಲ್ದಿಯೂ ಹೊಸದಾಗಿತ್ತು. ಮೀನು ತೇಲಿದ ಆ ಮಧ್ಯಾಹ್ನವೇ ತನಗೆ ಎಲ್ಲ ಗೊತ್ತಾಗಿತ್ತೆಂದು ಭೋಜ ಅವಳಿಗೆ ಎಂದೂ ಹೇಳಲಿಲ್ಲ.