ಎರಡು ಹಾಳೆ, ಒಂದು ಸೀಟು

ಗಾಲಿಕುರ್ಚಿಯ ಸೀಟು ಕಾರ್ಖಾನೆಯ ತೂಕದ ಪರೀಕ್ಷೆಯಲ್ಲಿ ಮತ್ತೆ ನಟ್ಟನಡುವೆ ಮುರಿದಿತ್ತು. ಸೀಟು ಒತ್ತುವ ಪ್ರೆಸ್ ವಿಭಾಗದ ಮೇಸ್ತ್ರಿ ಎರಡು ಹೋಳುಗಳನ್ನೂ ಹಿಡಿದು ಮೆಟ್ಟಿಲು ಹತ್ತಿ ಬಂದು ಅದನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ್ದವಳ ಮೇಜಿನ ಮೇಲಿಟ್ಟ.

"ಮೇಡಂ, ಇದು ಮುರಿಯಲ್ಲ ಅಂತ ನಿಮ್ಮ ಕಂಪ್ಯೂಟರ್ ಹೇಳಿತ್ತು."

"ಮುರಿಯೋ ಹಾಗೆ ನೀವು ಮಾಡಿದ್ರೆ ಪಾಪ, ಅದೇನು ಮಾಡುತ್ತೆ?"

ಅವನ ಮುಖ ಸಣ್ಣದಾಯಿತು. ಅವಳು ನಾಲಿಗೆ ಕಚ್ಚಿಕೊಂಡಳು. ಹೋದ ವಾರ ಇದೇ ಬಾಗಿಲಲ್ಲಿ ನಿಂತು, "ನನ್ನ ಮದುವೆ ಆಗ್ತೀರಾ?" ಎಂದು ಕೇಳಿದವನು ಇವನೇ. ಅವಳು ಉತ್ತರ ಕೊಟ್ಟಿರಲಿಲ್ಲ. ಮನಸ್ಸು ಒಲ್ಲೆ ಎಂದಿರಲಿಲ್ಲ. ಆದರೆ ಗಂಡ ತೀರಿಕೊಂಡ ಮೇಲೆ ಅವಳಿಗೆ ಅತ್ತೆ, ಅತ್ತೆಗೆ ಅವಳು. ಮಗನನ್ನು ಕಳೆದುಕೊಂಡ ಆ ಜೀವದಿಂದ ಸೊಸೆಯೂ ದೂರವಾದರೆ ದೇವರು ಮೆಚ್ಚುವನೆ?

"ನಡೀರಿ, ನೀವು ಹೇಗೆ ಮಾಡ್ತೀರೋ ನೋಡ್ತೀನಿ," ಎಂದು ಎದ್ದಳು.

ಕೆಳಗೆ ಪ್ರೆಸ್ಸಿನ ಬಿಸಿ ಮುಖಕ್ಕೆ ರಾಚಿತು. ಗಾಜಿನ ನಾರು ಬೆರೆತ ಪ್ಲಾಸ್ಟಿಕ್ ಹಾಳೆಯನ್ನು ಅವನು ಎರಡಾಗಿ ಕತ್ತರಿಸಿ, ಅಚ್ಚಿನ ನಡುವಿನ ಗೂಟದ ಆ ಕಡೆಗೊಂದು ಈ ಕಡೆಗೊಂದು ಇಟ್ಟ.

"ಎರಡ್ಯಾಕೆ? ನಾನು ಲೆಕ್ಕ ಹಾಕಿದ್ದು ಒಂದೇ ಹಾಳೆಗೆ."

"ಗೂಟ ಅಡ್ಡ ಬರುತ್ತಲ್ಲ ಮೇಡಂ. ಒಂದೇ ಹಾಳೆ ಕೂರೋದೇ ಇಲ್ಲ."

"ಬಂದು ಹೇಳಬಾರದಿತ್ತಾ?"

"ನೀವು ಇಳಿದು ಬಂದು ನೋಡಬಾರದಿತ್ತಾ?"

ಇಬ್ಬರೂ ಮತ್ತೆ ಮೇಲೆ ಹೋದರು. ಅವಳು ಕಂಪ್ಯೂಟರಿನ ಅಚ್ಚಿನಲ್ಲಿಯೂ ಎರಡು ಹಾಳೆ ಇಟ್ಟಳು. ಪರದೆಯ ಮೇಲೆ ಅವು ಕರಗಿ, ಹರಿದು, ನಡುವೆ ಮುಖಾಮುಖಿಯಾಗಿ ನಿಂತವು.

"ನೋಡಿ. ಮೇಲಿಂದ ನೋಡಿದ್ರೆ ಸೇರಿದ ಹಾಗೇ ಕಾಣುತ್ತೆ. ಆದ್ರೆ ಇದರ ನಾರು ಅದರೊಳಗೆ ಹೋಗೇ ಇಲ್ಲ. ಮುರಿದಿದ್ದು ಇಲ್ಲೇ."

ಅವನು ಬಗ್ಗಿ ನೋಡಿದ. ಅವನ ತೋಳಿಗೆ ಅಂಟಿದ್ದ ನಾರಿನ ಎಳೆಯೊಂದು ಮಿನುಗಿತು. ಅವಳ ಕಣ್ಣು ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿತು.

"ಅಚ್ಚು ಮುಚ್ಚೋಕೆ ಮುಂಚೆನೇ, ಗೂಟದ ಹಿಂದೂ ಮುಂದೂ, ಒಂದರ ಅಂಚು ಇನ್ನೊಂದರ ಮೇಲೆ ಬರಬೇಕು," ಎಂದಳು ಮೆಲ್ಲಗೆ.

"ಇಡ್ತೀನಿ. ನೀವು ಪಕ್ಕದಲ್ಲಿರಿ."

ಸಂಜೆ ಹೊಸ ಸೀಟಿನ ಮೇಲೆ ತೂಕ ಹೇರಿದರು. ಸೀಟು ಬಾಗಿತು, ಮುರಿಯಲಿಲ್ಲ.

"ನಮ್ಮತ್ತೆನ ಬಿಟ್ಟು ನಾನೆಲ್ಲಿಗೂ ಬರಲ್ಲ," ಎಂದಳು, ಸೀಟನ್ನೇ ನೋಡುತ್ತ.

"ಬಿಟ್ಟು ಬನ್ನಿ ಅಂದೋರ್ಯಾರು? ನಿಮ್ಮನ್ನ ಕೇಳೋಕೆ ಮುಂಚೆ ಅವರನ್ನೇ ಕೇಳಿದ್ದೆ."

"ಅಯ್ಯೋ! ಏನಂದ್ರು?"

"ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ರು. ಆಮೇಲೆ, 'ಮೊದಲು ಅವಳನ್ನ ನಗಿಸಪ್ಪ, ಉಳಿದಿದ್ದು ಆಮೇಲೆ. ಹಾಂ, ನನಗೆ ಮಾತ್ರ ಗಾಳಿ ಬರೋ ರೂಮೇ ಬೇಕು' ಅಂದ್ರು."

ಅತ್ತೆ ವಾರದಿಂದ ತನ್ನನ್ನು ಕದ್ದು ಕದ್ದು ನೋಡುತ್ತಿದ್ದುದು ಯಾಕೆಂದು ಅವಳಿಗೆ ಈಗ ತಿಳಿಯಿತು. ಕಣ್ಣು ತುಂಬಿತು, ಅದರ ಜೊತೆಗೇ, ಎಷ್ಟೋ ಕಾಲದ ಮೇಲೆ, ನಗುವೂ ಉಕ್ಕಿ ಬಂತು.

"ನಿಮ್ಮನೇಲಿ ಗಾಳಿ ಬರೋ ರೂಮು ಇದೆಯಾ?"

"ಒಂದೇ ಇದೆ. ಅದರಲ್ಲಿ ನಾನು ಮಲಗ್ತೀನಿ."

"ಇನ್ಮೇಲೆ ಅದು ಅತ್ತೆಯವರದ್ದು," ಎಂದಳು ಅವಳು.